ದೇವರ ಗೂಡಿನ ಚೀಟಿ

ನಂದಗುಡಿ ಸುತ್ತಿನ ಹಸುಗಳಿಗೆ ಸೂಜಿ ಹಾಕಿ ಗಬ್ಬ ಕಟ್ಟಿಸುವವನು ಬೈರೇಶ್. ಬೈಕಿನ ಹಿಂದೆ ಹೋರಿ ವೀರ್ಯದ ಕ್ಯಾನು ಕಟ್ಟಿಕೊಂಡು ಹೊರಟರೆ ಸಾಕು, ಹಾಲಿನ ಡೈರಿ ಕಟ್ಟೆಯ ಮೇಲೆ ಕೂತವರಿಗೆ ಬಾಯಿ ತುರಿಸುತ್ತದೆ.

"ಏನ್ ಗುರು, ಊರ ಕೊಟ್ಟಿಗೆಯೆಲ್ಲ ತುಂಬಿಸ್ತೀಯ, ನಿನ್ ಮನೇಲಿ ತೊಟ್ಲು ಯಾವಾಗ?"

ಬೈರೇಶ್ ನಗುತ್ತಾನೆ. ಹನ್ನೆರಡು ವರ್ಷದಿಂದ ಹೀಗೇ ನಕ್ಕು ನಕ್ಕು ಅವನಿಗೆ ಸಾಕಾಗಿದೆ.

ತಾಯಿ ಅಮ್ಮಯಮ್ಮ ಮಗನನ್ನು ಏನೂ ಅನ್ನುವುದಿಲ್ಲ, ಸೊಸೆ ಶಶಿರೇಖಾಳನ್ನು ಮಾತ್ರ ಬಿಡುವುದಿಲ್ಲ. ಮನೆಗೆ ಬಸುರಿ ಬಂದರೆ ಕುಂಕುಮದ ಬಟ್ಟಲನ್ನು ಅವಳ ಕೈಗೆ ಕೊಡುವುದಿಲ್ಲ. ದೇವರ ಗೂಡಿನಲ್ಲಿ ಆ ಬಟ್ಟಲ ಪಕ್ಕದಲ್ಲೇ ಅರಿಶಿನ ಮೆತ್ತಿದ ಹಳೆಯ ಔಷಧಿ ಚೀಟಿಯೊಂದಿದೆ. ಎರಡು ಬಸಿರು ಇಳಿದುಹೋದ ಮೇಲೆ ಬೈರೇಶ್ ಹೊಟ್ಟೆಯಲ್ಲಿದ್ದಾಗ ಪೇಟೆಯ ಡಾಕ್ಟರು ಬರೆದುಕೊಟ್ಟ ಮಾತ್ರೆ. ಒಂದು ದಿನವೂ ತಪ್ಪಿಸದೆ ನುಂಗಿದಳು, ಮಗ ಉಳಿದ. ಈಗಲೂ ಪ್ರತಿ ಶುಕ್ರವಾರ ಆ ಚೀಟಿಗೊಂದು ಹೂವು.

ಹೋದ ತಿಂಗಳು ಗಂಡಹೆಂಡಿರು ಬೆಂಗಳೂರಿನ ಡಾಕ್ಟರಮ್ಮನ ಹತ್ತಿರ ಹೋಗಿದ್ದರು. ಪರೀಕ್ಷೆಯಲ್ಲಿ ಕೊರತೆ ಗಂಡನದೆಂದು ಗೊತ್ತಾಯಿತು. ಹುಟ್ಟಿದಾಗ ಬೀಜ ಕೆಳಗೆ ಇಳಿಯದೆ ಚಿಕ್ಕಂದಿನಲ್ಲಿ ಆಪರೇಷನ್ ಆಗಿತ್ತೆಂದು ಬೈರೇಶ್ ಹೇಳಿದ. ಬಸುರಿಯಾಗಿದ್ದಾಗ ತಾಯಿ ಏನಾದರೂ ಔಷಧಿ ತಗೊಂಡಿದ್ದರಾ ಎಂದು ಆಕೆ ಕೇಳಿದ್ದಕ್ಕೆ, ಮರುಸಲ ಹೋಗುವಾಗ ಚೀಟಿಯ ಫೋಟೋ ತೆಗೆದುಕೊಂಡು ಹೋಗಿ ತೋರಿಸಿದ.

"ಹಾರ್ಮೋನ್ ಮಾತ್ರೆ ಇದು. ಹೊಟ್ಟೇಲಿರೋ ಗಂಡು ಮಗೂಗೆ ಇದರಿಂದ ಹೀಗಾಗಬಹುದು. ನಿಮಗೂ ಅದರಿಂದಲೇ ಆಯ್ತು ಅಂತ ಖಚಿತವಾಗಿ ಹೇಳಕ್ಕಾಗಲ್ಲ," ಎಂದರು ಡಾಕ್ಟರಮ್ಮ. ಫೋನ್ ಹಿಂತಿರುಗಿಸುತ್ತ, "ಇದು ಬಸಿರು ಉಳಿಸೋದೂ ಇಲ್ಲ ಅಂತ ಆಮೇಲೆ ಗೊತ್ತಾಯ್ತು," ಎಂದರು.

ಕೊರತೆ ತನ್ನದೆಂದು ಬಾಯಿಬಿಟ್ಟರೆ ಹೆಂಡತಿ ಉಸಿರಾಡುತ್ತಾಳೆ. ಆದರೆ ಯಾಕೆ ಎಂದು ಕೇಳದೆ ಬಿಡುವವಳಲ್ಲ ತಾಯಿ. ಕಾರಣ ಕೇಳಿದರೆ ಕುಸಿದೇ ಹೋಗುತ್ತಾಳೆ. ಬೈರೇಶ್ ತುಟಿ ಹೊಲಿದುಕೊಂಡ. ಅದು ಬರೀ ಹೇಡಿತನ, ಅವನಿಗೂ ಗೊತ್ತಿತ್ತು. ಶಶಿರೇಖಾ ಬೈಯಲಿಲ್ಲ, ಕಾದಳು.

ಮೊನ್ನೆ ಮಧ್ಯಾಹ್ನ ಅವನ ಚಿಕ್ಕಪ್ಪನ ಮಗಳು ನವ್ಯಶ್ರೀ ಬಂದಳು. ಒಂದು ಬಸಿರು ಕಳೆದುಕೊಂಡವಳಿಗೆ ಈಗ ಮತ್ತೆ ಎರಡು ತಿಂಗಳು. ಅಮ್ಮಯಮ್ಮ ಸೀದಾ ದೇವರ ಗೂಡಿಗೆ ಹೋಗಿ ಚೀಟಿ ತಂದು ಅವಳ ಮಡಿಲಿಗೆ ಹಾಕಿದಳು.

"ತಗೋ ಕಣವ್ವ. ಹೊಸ್ಕೋಟೆ ಅಂಗಡೀಲಿ ಕೇಳು. ನನ್ ಮಗನ್ನ ಉಳಿಸಿದ್ದು ಇದೇಯ."

"ಅದು ಈಗ ಸಿಗಲ್ಲ ಕಣಮ್ಮ," ಎಂದ ಬೈರೇಶ್.

"ಅಂಥದ್ದೇ ಇನ್ನೊಂದು ಕೊಡ್ತಾರೆ. ಕೇಳಕ್ಕೇನು ರೋಗ?"

ನವ್ಯಶ್ರೀ ಚೀಟಿಯನ್ನು ಕಣ್ಣಿಗೊತ್ತಿಕೊಂಡಳು. ಬೈರೇಶ್ ಅದನ್ನು ಕಿತ್ತುಕೊಂಡ.

"ಬೇಡ ಕಣಮ್ಮ! ಮಕ್ಕಳಾಗ್ದೆ ಇರೋದು ನನ್ನಿಂದ. ಶಶಿದೇನೂ ತಪ್ಪಿಲ್ಲ. ಈ ಮಾತ್ರೆಯಿಂದ್ಲೇ ಇರ್ಬೌದು ಅಂದ್ರು ಡಾಕ್ಟ್ರು."

ಅಮ್ಮಯಮ್ಮ ಕಂಬ ಹಿಡಿದು ಕೂತಳು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಸೊಸೆಯ ಮುಖ ನೋಡಲು ಹೋಗಿ, ನೋಡಲಾರದೆ ಮಗನತ್ತ ತಿರುಗಿದಳು.

"ನಾನು ನುಂಗ್ದೆ ಇದ್ದಿದ್ರೆ ನೀನು ಉಳೀತಿರ್ಲಿಲ್ಲ. ಅಷ್ಟಾದ್ರೂ ನಿಜ ಅಲ್ವೇನಪ್ಪಾ?"

ಬೈರೇಶ್ ಕೈಯಲ್ಲಿದ್ದ ಚೀಟಿಯನ್ನು ಮಡಚಿದ. ಡಾಕ್ಟರಮ್ಮನ ಆ ಕೊನೆಯ ಮಾತನ್ನೂ ಅವನ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದ ಶಶಿರೇಖಾ ಬಾಗಿಲಿನಿಂದಲೇ ಅಂದಳು:

"ನಿಜ ಅತ್ತೆ."