ಗಿರಣಿ ನಿಂತ ಮಧ್ಯಾಹ್ನ

ಹಾವೇರಿಯ ಬೈಪಾಸಿನಲ್ಲಿ ಈಗ ಕರಾವಳಿ ಊಟದ ಹೋಟೆಲುಗಳು ಎದ್ದಿವೆ. ಬೋರ್ಡಿನ ತುಂಬ ನೀಲಿ ಸಮುದ್ರ, ಅದರೊಳಗೊಂದು ನಗುವ ಮೀನು. ತನ್ನನ್ನೇ ಹುರಿಯುವ ಅಂಗಡಿಯ ಮುಂದೆ ಮೀನು ಯಾಕೆ ನಗುತ್ತದೋ ನನಗಂತೂ ತಿಳಿದಿಲ್ಲ. ಮೊನ್ನೆ ಅಗಡಿಯಲ್ಲಿ ಮದುವೆಯೂಟ ತಪ್ಪಿಸಿಕೊಂಡು ಬರುವಾಗ ಜೊತೆಗಿದ್ದವರು ಅಂಥದ್ದೊಂದರ ಮುಂದೆ ಕಾರು ನಿಲ್ಲಿಸಿದರು. ಬಾಗಿಲು ತೆರೆದದ್ದೇ ತಡ, ಕಾದ ಹಂಚಿನ ಮೇಲೆ ಬೇಯುತ್ತಿದ್ದ ಬಂಗಡೆಯ ವಾಸನೆ ಒಳಗೆ ನುಗ್ಗಿತು. ಊಟಕ್ಕೆ ಕುಳಿತವರಲ್ಲಿ ಬ್ಯಾಡಗಿಯ ನಮ್ಮ ಹಳೆಯ ಓಣಿಯ ಒಂದೆರಡು ಮುಖಗಳೂ ಇದ್ದವು. ಮುಳ್ಳು ಬಿಡಿಸುವುದರಲ್ಲಿ ಎಷ್ಟು ಮಗ್ನರೆಂದರೆ ತಲೆ ಎತ್ತಲಿಲ್ಲ. ತಿನ್ನಲಿ, ಪಾಪ. ನನಗೆ ಮಾತ್ರ ಕಾರಿನಿಂದ ಇಳಿಯಲಾಗಲಿಲ್ಲ. ಉಳಿದವರ ಬಾಯಲ್ಲಿ ನೀರೂರಿಸಿ ನಿಮ್ಮ ಕಣ್ಣಲ್ಲಿ ಮಾತ್ರ ನೀರು ತರಿಸುವ ವಾಸನೆ ನಿಮಗೂ ಒಂದು ಇದ್ದೀತು.

ಅವ್ವ ಕಾರವಾರದ ಮೀನುಗಾರರ ಮನೆಯ ಮಗಳು. ಅಪ್ಪ ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲಗಳನ್ನು ಆ ಊರಿಗೆ ಒಯ್ಯುತ್ತಿದ್ದ ಲಾರಿ ಡ್ರೈವರ್. ಕಾರವಾರದ ಮೀನುಸಾರಿಗೆ ಕೆಂಪು ಬಣ್ಣ ಬರುವುದೇ ನಮ್ಮೂರ ಕಾಯಿಯಿಂದ. ಹೀಗೆ ಬಂದುಹೋಗಿ ಮಾಡುವಾಗ ಇಬ್ಬರಿಗೂ ಪರಿಚಯವಾಗಿ, ಮದುವೆಯೂ ಆಯಿತು. ಮೆಣಸಿನಕಾಯಿ ಘಟ್ಟ ಇಳಿದಾಗ ಯಾರ ತಕರಾರೂ ಇರಲಿಲ್ಲ. ಮೀನುಗಾರರ ಮಗಳು ಘಟ್ಟ ಹತ್ತಿದಾಗ ಕದರಮಂಡಲಗಿಯ ಅಪ್ಪನ ಮನೆಯವರಿಗೆ ಕುಲ ನೆನಪಾಯಿತು. ಹೊಸ್ತಿಲು ದಾಟಿಸಿಕೊಳ್ಳಲಿಲ್ಲ. ಅಪ್ಪ ಬ್ಯಾಡಗಿಯ ಓಣಿಯೊಂದರಲ್ಲಿ ಎರಡು ಖೋಲಿಯ ಬಾಡಿಗೆ ಮನೆ ಹಿಡಿದ. ನಾನು ಹುಟ್ಟಿ ಬೆಳೆದದ್ದು ಅಲ್ಲಿ.

ದಸರೆಯ ರಜೆಗೆ ಅವ್ವನ ತವರಿಗೆ ಹೋಗುತ್ತಿದ್ದೆವು. ಹಾನಗಲ್ಲು, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ವಾಂತಿಯಾಗಿ ನಾನು ಸುಸ್ತು. ಅವ್ವ ಮಾತ್ರ ಕುಮಟೆ ಬರುತ್ತಲೇ ಸೆರಗು ಸಡಿಲ ಬಿಟ್ಟು ಕಿಟಕಿಯ ಸರಳಿಗೆ ಮುಖ ಹಚ್ಚಿ ಕೂಡುತ್ತಿದ್ದಳು. ಅಜ್ಜಿಯ ಮನೆ ದಂಡೆಗೇ ಅಂಟಿಕೊಂಡಿತ್ತು. ಮಾಡಿನ ಕೆಳಗೆ ಬಲೆಗಳು, ಅಂಗಳದ ತುಂಬ ಉಪ್ಪು ಹಚ್ಚಿ ಹರವಿದ ಬಂಗಡೆ, ಕಾಗೆ ಓಡಿಸಲು ಕೋಲು ಹಿಡಿದು ಕುಳಿತ ಅಜ್ಜಿ. ನಸುಕಿನಲ್ಲೇ ಹೆಂಗಸರು ಬುಟ್ಟಿ ಹೊತ್ತು ಪೇಟೆಗೆ ಹೊರಡುತ್ತಿದ್ದರು. ಅವರ ಜಗಳ, ನಗು, ಬೈಗುಳವೆಲ್ಲ ಕೊಂಕಣಿಯಲ್ಲಿ, ಬೈಗುಳ ಮಾತ್ರ ನನಗೆ ಪೂರ್ತಿ ತಿಳಿಯುತ್ತಿತ್ತು. ಆಗಲೇ ಅಪರೂಪವಾಗುತ್ತಿದ್ದ ರಂಪಣಿ ಬಲೆಯನ್ನು ಒಮ್ಮೊಮ್ಮೆ ಬಿಡುತ್ತಿದ್ದರು. ದೋಣಿಯಲ್ಲಿ ಒಯ್ದು ನೀರಿನಲ್ಲಿ ಸುತ್ತು ಹಾಕಿ, ಎರಡೂ ತುದಿಯ ಹಗ್ಗಗಳನ್ನು ದಂಡೆಯಿಂದ ಜನವೆಲ್ಲ ಸೇರಿ ಎಳೆಯುವ ದೊಡ್ಡ ಬಲೆ ಅದು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು. ಯಾವ ಊರು, ಯಾವ ಜನ ಎಂದು ಕೇಳುವ ಪದ್ಧತಿ ಇರಲಿಲ್ಲ. ಒಂದು ವರ್ಷ ನಾನೂ ಅಜ್ಜಿಯ ಹಿಂದೆ ನಿಂತು ಹಗ್ಗ ಹಿಡಿದೆ. ಎಳೆದೆನೋ, ಬರೇ ಜೋತುಬಿದ್ದೆನೋ. ಹಂಚುವಾಗ ನನ್ನ ಉಡಿಗೂ ಬಂಗಡೆ ಬಿದ್ದವು. ಈಗ ಆ ಊರಿನ ಬಂದರು ಬೆಳೆದಿದೆ. ಎಂಜಿನ್ ದೋಣಿಗಳು ಸಮುದ್ರದಲ್ಲೇ ಬಳಿದು ತರುತ್ತವೆ, ಮಂಜುಗಡ್ಡೆ ತುಂಬಿದ ಲಾರಿಗಳು ದಂಡೆಯವರಿಗೆ ತೋರಿಸದೆಯೇ ಮೀನು ಒಯ್ಯುತ್ತವೆ. ಅಜ್ಜಿಯ ಅಂಗಳವಿದ್ದಲ್ಲಿ ತಂತಿಬೇಲಿ ಇದೆ. ಹಗ್ಗವೇ ಇಲ್ಲದ ಮೇಲೆ ಯಾರು ಎಲ್ಲಿ ಕೈ ಹಚ್ಚಬೇಕು?

ಬ್ಯಾಡಗಿಯ ಮನೆಯ ಒಡತಿಯನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ರಕ್ತಸಂಬಂಧವೇನಿಲ್ಲ, ಗೋಡೆಯ ಆಚೆ ಅವರು, ಈಚೆ ನಾವು. ನನ್ನ ತಲೆಗೆ ಎಣ್ಣೆ, ಹೆರಳು, ಹಬ್ಬದ ಹೋಳಿಗೆ ಎಲ್ಲ ಅವರ ಕೈಯಿಂದಲೇ. ಮನೆ ಕೊಡುವಾಗ ಹಾಕಿದ್ದು ಒಂದೇ ಕರಾರಂತೆ. "ಏನ ಬೇಕಾದ್ದು ಮಾಡ್ಕೋರಿ, ಅದೊಂದು ಮನಿಯೊಳಗ ಬರಬಾರದು." ಮೀನು ಎಂಬ ಮಾತನ್ನೂ ಬಾಯಿಗೆ ತರದ ಮಡಿ ಅವರದು. ಅವ್ವ ಹೂಂ ಅಂದಳು. ರೊಟ್ಟಿ ಬಡಿಯುವುದು ಕಲಿತಳು, ಈ ಸೀಮೆಯ ಮಾತು ಕಲಿತಳು, ಸುಗ್ಗಿಯಲ್ಲಿ ಅವರ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಉರಿಯುವ ಕೈಗಳನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂಡುತ್ತಿದ್ದಳು. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುತ್ತಾರಲ್ಲ, ದೊಡ್ಡವ್ವನದು ಆ ಜಾತಿ. ನಮ್ಮನ್ನು ಪ್ರೀತಿಸಿದ್ದು ಸುಳ್ಳಲ್ಲ. ಸುಳ್ಳಾಗಿದ್ದರೆ ನನಗೆ ಇಂದು ಇಷ್ಟು ಸಿಟ್ಟು ಇರುತ್ತಿರಲಿಲ್ಲ.

ಆದರೆ ನಾಲಿಗೆ ಕರಾರು ಕೇಳುತ್ತದೆಯೇ? ತವರಿನಿಂದ ಬರುವಾಗ ಅವ್ವನ ಟ್ರಂಕಿನ ತಳದಲ್ಲಿ ಬಿಗಿ ಮುಚ್ಚಳದ ಡಬ್ಬಿಯೊಂದು ಇರುತ್ತಿತ್ತು, ಅದರ ತುಂಬ ಅಜ್ಜಿ ಒಣಗಿಸಿದ ಬಂಗಡೆ. ಓಣಿಯ ಮೂಲೆಯಲ್ಲೊಂದು ಖಾರದ ಗಿರಣಿ. ನಮ್ಮೂರ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನ ಕಾಯಿ ಬೆರೆಸಿ ಬೀಸಿದ ದಿನ ಮಾತ್ರ ಘಾಟು ಎದ್ದು ಓಣಿಗೆ ಓಣಿಯೇ ಕೆಮ್ಮುತ್ತಿತ್ತು, ಮಂದಿ ಬಾಗಿಲು ಹಾಕಿಕೊಂಡು ಒಳಗೆ ಕೂಡುತ್ತಿದ್ದರು. ಅವ್ವ ಕಾಯುತ್ತಿದ್ದದ್ದು ಆ ದಿನಕ್ಕೆ. ಊರಿನ ಮೂಗು ಕಟ್ಟಿದ್ದು ಖಾತ್ರಿಯಾದ ಮೇಲೆ ಒಲೆಯ ಕೆಂಡದ ಮೇಲೆ ಒಂದೆರಡು ಮೀನು ಬೀಳುತ್ತಿದ್ದವು. "ಲಗೂ ತಿನ್ನು, ಗಿರಣಿ ನಿಲ್ಲೂದರೊಳಗ," ಎಂದು ಪಿಸುಗುಟ್ಟುತ್ತಿದ್ದಳು. ಘಾಟಿಗೆ ಮೂಗು, ಕಣ್ಣು ಸುರಿಯುತ್ತಿರುವಾಗ, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನಂತೆ ನಾವಿಬ್ಬರೂ ತಿನ್ನುತ್ತಿದ್ದೆವು. ಆಮೇಲೆ ಕೈಗೆ ಹುಣಸೆಹಣ್ಣು, ಮನೆಗೆ ಊದಿನಕಡ್ಡಿ. ಇಡೀ ವರ್ಷದಲ್ಲಿ ಅವ್ವ ತನ್ನ ಊರಿನವಳಾಗಿ ಇರುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ.

ಒಂದು ಮಳೆಗಾಲ ಅಜ್ಜಿ ತೀರಿಕೊಂಡಳು. ಮಣ್ಣಿಗೆ ಹೋಗಿ ಬಂದ ಅವ್ವನಿಗೆ ತನ್ನ ತಾಯಿಯದೆಂದು ಉಳಿದದ್ದು ಡಬ್ಬಿಯ ತಳದ ನಾಲ್ಕೈದು ಬಂಗಡೆ. ಬಹಳ ದಿನ ಮುಟ್ಟಲಿಲ್ಲ; ಆಗಾಗ ಮುಚ್ಚಳ ತೆಗೆದು ಮೂಸಿ ನೋಡಿ ಮತ್ತೆ ಬಿಗಿಯುತ್ತಿದ್ದಳು. ಸುಗ್ಗಿ ಬಂತು. ಒಂದು ಮಧ್ಯಾಹ್ನ ಗಿರಣಿ ಜೋರಾಗಿ ಓಡುತ್ತಿರುವಾಗ, "ಇನ್ನೂ ಇಟ್ರ ಹುಳಾ ಬೀಳ್ತಾವು," ಎಂದು ಎಲ್ಲವನ್ನೂ ಹೊರಗೆ ತೆಗೆದು ಕೆಂಡದ ಮೇಲೆ ಜೋಡಿಸಿದಳು. ಮಗ್ಗುಲು ತಿರುವಿಹಾಕುವಷ್ಟರಲ್ಲಿ ಕರೆಂಟು ಹೋಯಿತು. ಗಿರಣಿ ಗುಂಯ್‌ಗುಡುತ್ತ ನಿಂತಿತು. ಕರೆಂಟು ಹೋದಾಗ ಎಲ್ಲ ಕಡೆ ಆಗುವಂತೆ ಓಣಿಯ ಬಾಗಿಲುಗಳು ತೆರೆದವು, ಹೆಂಗಸರು ಕಟ್ಟೆಗೆ ಬಂದು ಕುಳಿತರು, ಗಾಳಿ ಬೀಸಿ ಘಾಟು ಹರಿದುಹೋಯಿತು. ಉಳಿದದ್ದು ಬಂಗಡೆಯ ವಾಸನೆಯೊಂದೇ. ಅವ್ವ ಕೆಂಡಕ್ಕೆ ನೀರು ಹಾಕಿದಳು. ಅದರಿಂದ ಹೊಗೆ ಇನ್ನಷ್ಟು ಎದ್ದಿತು.

ದೊಡ್ಡವ್ವ ಬಾಗಿಲಲ್ಲಿ ನಿಂತರು. ಸೆರಗು ಮೂಗಿಗೆ ಹಿಡಿದಿದ್ದರು. "ಸುಮಿತ್ರಾ, ಅದು ಮೊದಲ ಹೊರಗ ಹೋಗಬೇಕು. ಆಮ್ಯಾಲ ಮಾತು."

"ನಮ್ಮವ್ವ ಒಣಗಿಸಿದ್ದು ಅಕ್ಕಾ. ಇದ ಕಡೀದು. ಇನ್ನ ಮ್ಯಾಲ ಬರೂದಿಲ್ಲ."

"ನನ್ನ ಮನಿ ಉಳೀಬೇಕಂದ್ರ ಒಗದು ಬಾ."

ಮನೆ ಉಳಿಯಲೆಂದು ಅವ್ವ ಒಗೆಯಲು ಹೋದಳು. ಅರೆಬೆಂದ ಮೀನನ್ನು ಮೊರದಲ್ಲಿ ಹಾಕಿಕೊಂಡು, ಕಟ್ಟೆಯ ಮೇಲೆ ಕುಳಿತವರೆಲ್ಲ ನೋಡುತ್ತಿರುವಾಗ, ಓಣಿಯ ಉದ್ದಕ್ಕೂ ನಡೆದು ತಿಪ್ಪೆಗೆ ಸುರುವಿದಳು. ನಾಯಿಗಳು ಓಡಿಬಂದವು. ತಿರುಗಿ ಬರುವಷ್ಟರಲ್ಲಿ ದೊಡ್ಡವ್ವ ನಮ್ಮ ಹೊಸ್ತಿಲಿಗೆ ಸೆಗಣಿನೀರು ಹಾಕಿಸಿದ್ದರು. ಸಂಜೆ ಅಪ್ಪ ಹೋಗಿ ಕೈಮುಗಿದ. "ಇನ್ನೊಮ್ಮೆ ಹಿಂಗ ಆಗೂದಿಲ್ರಿ." ದೊಡ್ಡವ್ವನೂ ಅಳುತ್ತಲೇ ಹೇಳಿದರು, "ಓಣಿ ಮಂದಿ ನನ್ನ ಮಾರಿಗೆ ಉಗಳ್ತಾರಪ್ಪಾ. ಅಮಾಸಿ ಒಳಗ ಖಾಲಿ ಮಾಡ್ರಿ." ತಾಯಿಯ ಕೈಯ ಕಡೆಯ ತುತ್ತೂ ಹೋಯಿತು, ಮನೆಯೂ ಹೋಯಿತು. ಅವ್ವ ಅವರ ಅಂಗಳದಲ್ಲಿ ಬಿಡಿಸದೆ ಉಳಿದಿದ್ದ ಮೆಣಸಿನಕಾಯಿಯ ತೊಟ್ಟನ್ನೆಲ್ಲ ಬಿಡಿಸಿ ಮುಗಿಸಿಯೇ ಗಾಡಿ ಹತ್ತಿದಳು. ಆ ಕೆಲಸಕ್ಕೆ ನಾನು ಅವಳನ್ನು ಇಂದಿಗೂ ಕ್ಷಮಿಸಿಲ್ಲ.

ರಾಣೆಬೆನ್ನೂರಿನಲ್ಲಿ ಸಿಕ್ಕ ಮನೆಗೆ ಯಾವ ಕರಾರೂ ಇರಲಿಲ್ಲ. ಪಕ್ಕದ ಬೀಬಿಜಾನ್ ಅವರ ಮನೆಯಿಂದ ಮಾಂಸದ ಒಗ್ಗರಣೆಯ ವಾಸನೆ ರಾಜಾರೋಷವಾಗಿ ಬರುತ್ತಿತ್ತು. ಒಂದು ದಿನ ಅಪ್ಪ ಕಾರವಾರದಿಂದ ತಾಜಾ ಬಂಗಡೆ ತಂದು, "ಮಾಡು, ಇಲ್ಲಿ ಯಾರೂ ಕೇಳೂದಿಲ್ಲ," ಎಂದ. ಅವ್ವ ಮೀನು ತೊಳೆದಳು, ಉಪ್ಪು ಹಚ್ಚಿದಳು. ಆಮೇಲೆ ಎದ್ದು ಮುಂಬಾಗಿಲು ಹಾಕಿದಳು, ಹಿತ್ತಿಲ ಬಾಗಿಲು ಹಾಕಿದಳು, ಕಿಟಕಿಯ ಸಂದಿಗೆ ಹಳೆಯ ಸೀರೆ ತುರುಕಿದಳು. ಒಲೆಯ ಮುಂದೆ ಕುಳಿತವಳು ಕಡ್ಡಿ ಗೀರಲಿಲ್ಲ. ಬಹಳ ಹೊತ್ತಾದ ಮೇಲೆ, "ಬೀಬಿಜಾನ್‌ಗೆ ಕೊಟ್ಟು ಬರ್ರಿ," ಎಂದಳು.

ಅವಳು ಕೊನೆಯ ಕಾಯಿಲೆಯಲ್ಲಿ ತೀರ ಬಡಕಲಾಗಿದ್ದಳು. ಅದೇ ಊರಿನ ಡಾಕ್ಟರು ನಾಡಿ ನೋಡಿ, "ದಿನಾ ಒಂದೀಟು ಮೀನಾ ತಿನ್ರಿ ಅಮ್ಮಾ, ಶಕ್ತಿ ಬರ್ತೈತಿ," ಎಂದರು. ಅವ್ವ ಗಾಬರಿಯಿಂದ ನನ್ನ ಮುಖ ನೋಡಿದಳು, ಸೆರಗು ಎಳೆದುಕೊಂಡಳು, ಅವರಿಗೆ ತಗ್ಗಿದ ದನಿಯಲ್ಲಿ ಹೇಳಿದಳು:

"ನಮ್ಮ ಮನ್ಯಾಗ ಅದು ನಡಿಯೂದಿಲ್ರಿ."