ಗುರುವಾರ ಮೂರು ಗಂಟೆ

ಪದ್ಮಾವತಮ್ಮನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ. ಆಕೆ ತಮ್ಮ ಬಗ್ಗೆ ಒಂದಕ್ಷರವನ್ನೂ ಹೇಳಿಕೊಳ್ಳುವವರಲ್ಲ. ಆ ಶ್ರಾವಣದಲ್ಲಿ ನಡೆದದ್ದನ್ನು ಮುಚ್ಚಿಟ್ಟುಕೊಂಡು ನಿವೃತ್ತನಾಗುವುದು ನನ್ನಿಂದಾಗದು.

ನಾನು ಶಾಮಣ್ಣ, ಹಿನಕಲ್ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯ. ನಮ್ಮ ಮನೆತನದವರು ಅರಮನೆ ಕಚೇರಿಯ ಕಾಲದಿಂದಲೂ ಕಾಗದಕ್ಕೆ ಸಹಿ ಹಾಕಿಯೇ ಅನ್ನ ಉಂಡವರು. ಕಾಗದ ಸರಿಯಾಗಿದ್ದರೆ ಲೋಕವೂ ಸರಿಯಾಗಿದೆ ಎಂದು ನಂಬಿದವರು. ಪದ್ಮಾವತಮ್ಮ ನಂಜನಗೂಡಿನ ಕಡೆಯಿಂದ ಕೂಲಿಗೆ ಬಂದ ತಂದೆ ತಾಯಿಯ ಜೊತೆ ಬೋಗಾದಿಯಲ್ಲಿ ಬೆಳೆದರು. ಅಲ್ಲಿ ಎದ್ದ ಹೊಸ ಮನೆಗಳಿಗೆ ಇಟ್ಟಿಗೆ ಹೊತ್ತರು. ಹದಿನೈದಕ್ಕೆ ಮದುವೆ. ಹತ್ತನೇ ತರಗತಿ ಪಾಸು ಮಾಡಿದ್ದು ಎರಡು ಮಕ್ಕಳಾದ ಮೇಲೆ, ಮೂರನೇ ಪ್ರಯತ್ನಕ್ಕೆ.

ಮೂರು ವರ್ಷದ ಹಿಂದೆ ಒಂದು ಟ್ರಸ್ಟು ನಮ್ಮ ಕಡೆ ವಿಚಿತ್ರವಾದ ಕೆಲಸಕ್ಕೆ ಹಣ ಕೊಡಲು ಮುಂದೆ ಬಂತು. ಮಕ್ಕಳನ್ನು ದಿನಾ ನೋಡುವ ನೌಕರರು ವಾರಕ್ಕೊಮ್ಮೆ ಒಂದೆಡೆ ಕೂತು, ತಮಗೆ ತಿಳಿದದ್ದನ್ನು ಒಬ್ಬರಿಗೊಬ್ಬರು ಹೇಳಬೇಕು, ಅಷ್ಟೇ. ಬಂದವರಿಗೆ ಆಟೋ ಖರ್ಚು ಮತ್ತು ಒಂದಿಷ್ಟು ಸಂಭಾವನೆ. ಅವರನ್ನು ಕೂಡಿಸಿ, ಹೇಳಿದ್ದರ ಬೆನ್ನುಹತ್ತಿ ಮನೆಮನೆಗೆ ಹೋಗಿ ಬರಲು ಪದ್ಮಾವತಮ್ಮನಿಗೆ ತಿಂಗಳ ಸಂಬಳ. ಹರಟೆ ಹೊಡೆಯುವುದಕ್ಕೂ ದುಡ್ಡು ಕೊಡುತ್ತಾರಲ್ಲ ಎಂದು ನಾನು ಸ್ಟಾಫ್ ರೂಮಿನಲ್ಲಿ ನಕ್ಕಿದ್ದೆ.

ಗುರುವಾರ ಮೂರು ಗಂಟೆಗೆ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಸಭೆ. ಬರುತ್ತಿದ್ದವರು ಆಶಾ ಕಾರ್ಯಕರ್ತೆ ಮಾದೇವಮ್ಮ, ಆರೋಗ್ಯ ಕೇಂದ್ರದ ನರ್ಸ್ ಸುಷ್ಮಾ, ಮತ್ತು ನಾನು. ಪದ್ಮಾವತಮ್ಮ ಎರಡೂವರೆಗೇ ಬಂದು ಗೇಟಿನ ಬಳಿ ಹೆಣ್ಣುಮಕ್ಕಳನ್ನು ಮಾತಾಡಿಸುತ್ತ ನಿಂತಿರುತ್ತಿದ್ದರು. ಸಭೆಗೆ ಆಕೆ ಇಟ್ಟಿದ್ದ ಕಟ್ಟಳೆ ಒಂದೇ.

"ಕಂಡಿದ್ ಏಳಿ ಮೇಷ್ಟ್ರೇ, ಅನ್ಕಂಡಿದ್ ಬ್ಯಾಡ."

ಇದು ಕೇಳಲು ಸುಲಭ, ಮಾಡಲು ಬಲು ಕಷ್ಟ. "ಆ ಹುಡುಗ ಸೋಮಾರಿ" ಎಂದು ನಾನು ಬಾಯಿ ತೆಗೆದರೆ ತಡೆಯುತ್ತಿದ್ದರು. ಏನು ಕಂಡಿರಿ? ಮಧ್ಯಾಹ್ನದ ಮೇಲೆ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಾನೆ. ಸುಷ್ಮಾ ಏನು ಕಂಡರು? ಅವನ ತಂಗಿಗೆ ನಿಲ್ಲದ ವಾಂತಿ. ಮಾದೇವಮ್ಮ? ಅವರ ಶೆಡ್ಡಿನಲ್ಲಿ ಕುಡಿಯುವ ನೀರು ತುಂಬಿಟ್ಟ ನೀಲಿ ಡ್ರಮ್ಮು. ಪದ್ಮಾವತಮ್ಮ ಅವತ್ತೇ ಹೋಗಿ ಡ್ರಮ್ಮನ್ನು ಬಗ್ಗಿಸಿ ನೋಡಿದರೆ, ಅದು ಕಟ್ಟಡಕ್ಕೆ ತಂದ ಯಾವುದೋ ರಾಸಾಯನಿಕದ್ದು. ಎರಡು ವಾರದಲ್ಲಿ ನನ್ನ ಸೋಮಾರಿ ಹುಡುಗ ಕಬಡ್ಡಿ ಆಡುತ್ತಿದ್ದ. ಆಮೇಲೆ ನಾನು ನಗಲಿಲ್ಲ.

ಆದರೆ ನಮ್ಮ ಸಭೆಯಲ್ಲೂ ಒಂದು ಸಂಕೋಚ ಉಳಿದೇ ಇತ್ತು. ಎಂಟನೇ ತರಗತಿಯಲ್ಲಿದ್ದಾಗ ಸುಮಾ ಎಂಬ ಹುಡುಗಿ ಪ್ರಾರ್ಥನೆಯ ಹೊತ್ತಿಗೆ ತಲೆಸುತ್ತಿ ಬಿದ್ದಳು. ಸುದ್ದಿ ತಿಳಿದು ಬಂದ ಪದ್ಮಾವತಮ್ಮ ಅವಳನ್ನು ಸುಷ್ಮಾ ಹತ್ತಿರ ಕರೆದೊಯ್ದರು. ಮುಂದಿನ ಗುರುವಾರ ಸುಷ್ಮಾ ನನ್ನ ಮುಖ ನೋಡಿ, "ಹೆಂಗಸರ ವಿಷಯ ಸಾರ್" ಎಂದು ಪದ್ಮಾವತಮ್ಮನನ್ನು ಹೊರಗೆ ಕರೆದು ಹೇಳಿದರು. ಮಾದೇವಮ್ಮ ಅವತ್ತು ಬಂದಿರಲಿಲ್ಲ. ಗಂಡಸಿನೆದುರು ಅಂಥದ್ದನ್ನು ಆಡಬಾರದಲ್ಲ! ನಾನೂ ಕೇಳಲಿಲ್ಲ. ಗೌರವದಿಂದ ಕಿಟಕಿಯ ಕಡೆ ತಿರುಗಿ ಕೂತೆ.

ಮಾರ್ಚಿನಲ್ಲಿ ಟ್ರಸ್ಟಿನ ಕಡೆಯಿಂದ ಯಶಸ್ ಎಂಬ ಯುವಕ ಬಂದ. ಒಳ್ಳೆಯ ಹುಡುಗ, ಮೆತ್ತಗೆ ಮಾತಾಡುವವನು. ಎರಡು ವರ್ಷದಲ್ಲಿ ಎಷ್ಟು ಮಕ್ಕಳನ್ನು ರಕ್ಷಿಸಿದಿರಿ, ಒಂದು ಸಂಖ್ಯೆ ಕೊಡಿ ಎಂದ.

"ಆಗ್ದೇ ಓದದ್ದನ್ನ ಎಂಗ್ ಎಣಿಸ್ಲಿ ಸಾರ್?" ಎಂದರು ಪದ್ಮಾವತಮ್ಮ.

ಅವನು ತನ್ನ ಫಾರಂನಲ್ಲಿ ಆ ಜಾಗವನ್ನು ಖಾಲಿ ಬಿಟ್ಟುಕೊಂಡು ಹೋದ. ಏಪ್ರಿಲ್‌ನಿಂದ ಹಣ ನಿಂತಿತು. ನಾನು ದೊಡ್ಡ ಮನಸ್ಸು ಮಾಡಿ, "ದುಡ್ಡಿಲ್ಲದಿದ್ದರೇನು, ನಾವೇ ಸೇರೋಣ" ಎಂದೆ. ಸೇರಿದ್ದು ಎರಡು ವಾರ. ಮಾದೇವಮ್ಮನಿಗೆ ಸಮೀಕ್ಷೆ ಬಂತು, ಸುಷ್ಮಾಗೆ ಇನ್ನೊಂದು ಕೇಂದ್ರದ ಹೊಣೆ ಬಿತ್ತು, ನನಗೆ ಪರೀಕ್ಷೆಯ ಮೌಲ್ಯಮಾಪನ. ಪದ್ಮಾವತಮ್ಮ ಹೊಟ್ಟೆಪಾಡಿಗೆ ಬೋಗಾದಿಯ ಲೇಡೀಸ್ ಪಿಜಿಯೊಂದರಲ್ಲಿ ಅಡುಗೆಗೆ ಸೇರಿದರು. ಪ್ರಯೋಗಾಲಯದಲ್ಲಿ ನಾವು ಕೂರುತ್ತಿದ್ದ ಸ್ಟೂಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟೆವು.

ಆಷಾಢ ಕಳೆದು ಶ್ರಾವಣ ಹುಟ್ಟಿತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಸುಮಾಳ ತಾಯಿ ನನ್ನ ಕೊಠಡಿಗೆ ಬಂದು, ಮಗಳ ಟಿಸಿ ಬೇಕು ಎಂದರು. ಊರಿನಲ್ಲಿ ಅಜ್ಜಿ ದೇವಿರಮ್ಮನಿಗೆ ಹುಷಾರಿಲ್ಲ, ಸುಮಾ ಅಲ್ಲೇ ಇದ್ದು ಅಲ್ಲೇ ಓದುತ್ತಾಳೆ ಎಂದರು. ಅರ್ಜಿ ಸರಿಯಾಗಿತ್ತು. ಸಹಿ ಹಾಕಿದೆ. ಸುಮಾ ಬಾಗಿಲಾಚೆ ಗೋಡೆಗೆ ಒರಗಿ, ಗೇಟಿನ ಕಡೆಗೇ ನೋಡುತ್ತ ನಿಂತಿದ್ದಳು. ತಾಯಿ ಎರಡು ಸಲ ಕರೆದರೂ ಕದಲಲಿಲ್ಲ. ಶಾಲೆ ಬಿಡುವ ಬೇಸರ ಎಂದುಕೊಂಡೆ. ಹೌದು, ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಎರಡನೇ ಪೀರಿಯಡ್ಡು ನಡೆಯುತ್ತಿತ್ತು. ಪದ್ಮಾವತಮ್ಮ ಆಟೋದಿಂದ ಇಳಿದು ನೇರವಾಗಿ ನನ್ನ ಕೊಠಡಿಗೆ ಬಂದರು. ಕೈಯಲ್ಲಿ ತರಕಾರಿ ಚೀಲವಿತ್ತು. ಸೆರಗಿಗೆ ಮಸಾಲೆಯ ಕಲೆ.

"ಸುಮಾ ಇಸ್ಕೂಲಿಗ್ ಬಂದವ್ಳಾ?"

"ಇಲ್ಲ. ಗುರುವಾರ ಟಿಸಿ ತಗೊಂಡು ಹೋದ್ರು. ಯಾಕೆ?"

ಆಕೆ ಚೀಲ ಕೆಳಗಿಟ್ಟರು. "ಮಾರ್ಕೆಟ್ಟಲ್ಲಿ ಮಾದೇವಮ್ಮ ಸಿಕ್ಕಿದ್ಲು ಕಣ್ ಮೇಷ್ಟ್ರೇ. ಸುಮಾ ದೊಡ್ಡೋಳಾದ್ಲಂತೆ. ಬುಧವಾರ ಸೋದರಮಾವ ಬಂದು ತೆಂಗಿನ್ ಗರಿ ಕಡಿದು ಗುಡ್ಲು ಹಾಕ್ದ, ನಂಗೂ ಚಿಗಳಿ ಉಂಡೆ ಕೊಟ್ರು ಅಂತ ಖುಷಿಯಾಗಿ ಏಳ್ತಾವ್ಳೆ."

ನಮ್ಮ ಕಡೆ ಹುಡುಗಿ ಮೈನೆರೆದರೆ ಮಾವ ಹಸಿ ಗರಿಯ ಗುಡ್ಲು ಹಾಕುವುದು, ಅದರಲ್ಲಿ ಅವಳನ್ನು ಕೂರಿಸಿ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ಹಂಚುವುದು ಎಲ್ಲರಿಗೂ ಗೊತ್ತು. "ಒಳ್ಳೇದೇ ಅಲ್ವಾ" ಎಂದೆ, ಪೆದ್ದನ ಹಾಗೆ.

"ಆ ಮಗ ದೊಡ್ಡೋಳಾಗಿ ಒಂದ್ ವರ್ಸ ಆಯ್ತು! ತಲೆಸುತ್ತಿ ಬಿದ್ದಿದ್ದು ಯಾಕಂತೀರಿ? ಆಗ ತಾಯಿ ಯಾರ್ಗೂ ಏಳ್ಬೇಡಿ ಅಂತ ಕಾಲ್ ಹಿಡ್ಕಂಡಿದ್ಲು. ಸುಷ್ಮಂಗೆ ಫೋನ್ ಮಾಡಿ, ಬೇಗ."

ಮಾಡಿದೆ. ಸುಷ್ಮಾ ತಡವರಿಸಿದರು. ಸೋಮವಾರ ಸುಮಾಳ ತಾಯಿ ಬಂದು ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ಕೇಳಿದ್ದರು. "ಹಬ್ಬಕ್ಕೆ ಅಂದ್ಕೊಂಡೆ ಸಾರ್. ಈ ವಾರ ಹತ್ತು ಜನ ಕೇಳಿದ್ರು. ಅವರಿಗೇ ಬೇಕೇನೋ ಅಂತ..."

ಫೋನು ನನ್ನ ಕೈಯಲ್ಲೇ ಉಳಿಯಿತು. ಮಾತ್ರೆ, ಗುಡ್ಲು, ಟಿಸಿ. ನಿಜವಾದ ಗುಡ್ಲಾಗಿದ್ದರೆ ಬುಧವಾರ ಅದರಲ್ಲಿ ಕೂತವಳು ಗುರುವಾರ ನನ್ನ ಬಾಗಿಲಿಗೆ ಬರುತ್ತಿರಲಿಲ್ಲ. ಮದುವೆಗೆ ಬಂಧುಬಳಗ ಸೇರಲು, ಸೀರೆ ಬಳೆ ಬರಲು ಗುಡ್ಲು ಒಂದು ನೆಪ. ಅದನ್ನು ಹಾಕಿದ ಮಾವ ಮೂವತ್ತರ ಸಮೀಪದ ಲಾರಿ ಡ್ರೈವರು, ಇನ್ನೂ ಮದುವೆಯಾಗದವನು. ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟಿದ್ದರೆ ಐದು ನಿಮಿಷದ ಕೆಲಸ. ಮೂರೂ ನಮ್ಮ ಕೈಗೆ ಬಂದದ್ದು ಒಂದೇ ವಾರದಲ್ಲಿ, ಗುರುವಾರದ ಮೂರು ಗಂಟೆಯೊಳಗೆ.

ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ, ಅದೇ ಆಟೋದಲ್ಲಿ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಪದ್ಮಾವತಮ್ಮ ಒಂದೇ ಮಾತನ್ನು ತಿರುತಿರುಗಿ ಕೇಳಿದರು. "ಮದ್ವೆ ಮಾಡಾದಾದ್ರೆ ನಾಳೆ ಭಾನುವಾರ. ನಾಳೆವರ್ಗೂ ಟೈಮದೆ ಅಲ್ವಾ ಮೇಷ್ಟ್ರೇ?" ಇದೆ ಎಂದೆ. ನನಗೆ ಗೊತ್ತಿರಲಿಲ್ಲ.

ಮನೆಗೆ ಬೀಗ. ಹಿತ್ತಲಿನಲ್ಲಿ ಗುಡ್ಲು ಹಾಗೇ ಇತ್ತು, ಗರಿಗಳು ಇನ್ನೂ ಹಸಿರಾಗಿದ್ದವು. ಪದ್ಮಾವತಮ್ಮ ಬಗ್ಗಿ ಒಳಗೆ ಹೋದರು. ಚಾಪೆ, ನೀರಿನ ಚೊಂಬು, ಮೂಲೆಯಲ್ಲಿ ಶಾಲೆಯ ಬ್ಯಾಗು. ಬ್ಯಾಗಿನಲ್ಲಿ ಪುಸ್ತಕಗಳೆಲ್ಲ ಟೈಮ್‌ಟೇಬಲ್ಲಿನ ಪ್ರಕಾರ ಜೋಡಿಸಿದ್ದವು. ಶನಿವಾರದ್ದು. ನಾನು ಬೀದಿಗೆ ಬಂದೆ. ಪಕ್ಕದ ಮನೆಯವರು ಕಿಟಕಿಯಿಂದಲೇ ಹೇಳಿದರು: "ನಿನ್ನೆ ರಾತ್ರಿನೇ ವ್ಯಾನಲ್ಲಿ ಓದ್ರಲ್ಲ. ಯಾವ್ ದೇವಸ್ಥಾನಾಂತ ಏಳ್ಳಿಲ್ಲ."

ಅಧಿಕಾರಿಗಳು, ಪೊಲೀಸರು ಹುಡುಕಿದರು. ಸುಮಾ ಸಿಕ್ಕಿದ್ದು ಸೋಮವಾರ ಸಂಜೆ. ತಾಳಿ ಕಟ್ಟಿದ್ದು ಶನಿವಾರ ಬೆಳಗಿನ ಜಾವ. ನಾವು ಆಟೋ ಹತ್ತುವ ಮೊದಲೇ. ಮಾವನ ಮೇಲೆ, ತಾಯಿಯ ಮೇಲೆ ಕೇಸಾಯಿತು. ನನ್ನ ಮೇಲೆ ಏನೂ ಆಗಲಿಲ್ಲ. ಕಾಗದ ಸರಿಯಾಗಿತ್ತಲ್ಲ.

ಹದಿನೈದು ದಿನ ಕಳೆದು, ಅನುಮತಿ ಪಡೆದು ನಾವಿಬ್ಬರೂ ಬಾಲಮಂದಿರಕ್ಕೆ ಹೋದೆವು. ನಾನು ಅವಳ ಬ್ಯಾಗು ಹಿಡಿದಿದ್ದೆ. ಸುಮಾ ಬಂದು ಎದುರು ಕೂತಳು. ಕೈಯಲ್ಲಿ ಹಸಿರು ಬಳೆಗಳು ಇನ್ನೂ ಇದ್ದವು. ನನ್ನ ಕಡೆ ನೋಡಲಿಲ್ಲ. ಪದ್ಮಾವತಮ್ಮನಿಗೆ ಹೇಳಿದಳು:

"ನಾನೇ ಅಮ್ಮಂಗೆ ಏಳ್ದೆ ಆಂಟಿ, ಟಿಸಿಗೆ ಗುರುವಾರನೇ ಓಗನ, ಹೆಡ್ಮೇಷ್ಟ್ರು ಗುರುವಾರ ಇರ್ತಾರೆ ಅಂತ. ನೀವ್ ಮೊದ್ಲು ಬತ್ತಿದ್ರಲ್ಲ ಗುರುವಾರ, ಅವತ್ತಾದ್ರೂ ಬತ್ತೀರೇನೋ ಅಂತ. ಗೇಟ್ ನೋಡ್ತಾ ನಿಂತಿದ್ದೆ. ಮೂರೂವರೆ ಆದ್ರೂ ಬರ್ನಿಲ್ಲ."

ಹಣ ನಿಂತಿತ್ತು, ಸಭೆ ಮುಚ್ಚಿತ್ತು ಎಂದು ಹೇಳಬಹುದಿತ್ತು. ನಾನು ಹೇಳಲು ಹೊರಟೆ. ಪದ್ಮಾವತಮ್ಮ ಕೈ ಎತ್ತಿ ನನ್ನನ್ನು ತಡೆದರು. ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತರು.

"ಅವತ್ತು ಮೂರು ಗಂಟೆಲಿ ನಾನು ಪಿಜಿಲಿ ಚಪಾತಿ ಲಟ್ಟಿಸ್ತಿದ್ದೆ ಕಣವ್ವ," ಎಂದರು.