ತಮ್ಮನಿಗೆ ಹೇಳದೆ ಇಟ್ಟುಕೊಂಡ ಸುದ್ದಿ

ಗೆಳೆಯರೇ, ಇವತ್ತು ರಾಣೆಬೆನ್ನೂರಿನಲ್ಲಿ ಬೈಸಿಕೊಂಡು ಬಂದೆ. ಬುದ್ಧಿಮಾಂದ್ಯರ ವಸತಿ ಕೇಂದ್ರವೊಂದರಲ್ಲಿ ನನ್ನ ತಮ್ಮ ಶಿವು ಇದ್ದಾನೆ. ವಯಸ್ಸು ಮೂವತ್ತು. ಅವ್ವ ತೀರಿಕೊಂಡು ಎರಡು ತಿಂಗಳಾದರೂ ಅವನಿಗೆ ಹೇಳಿರಲಿಲ್ಲ. ಅಗಡಿಯ ಚಿಕ್ಕವ್ವನ ಮನೆಗೆ ಹೋಗಿದ್ದಾಳೆ ಅನ್ನುತ್ತಿದ್ದೆ.

ಅಲ್ಲಿ ಅವನನ್ನು ನೋಡಿಕೊಳ್ಳುವ ರೇಣುಕಕ್ಕ ಬಾಗಿಲಲ್ಲೇ ಹಿಡಿದರು. “ಐತವಾರ ಬಂದ್ರ ಗೇಟ್ ಬಿಟ್ಟು ಏಳೂದಿಲ್ರೀ, ಅವ್ವ ಬರ್ತಾಳಂತ. ಇವತ್ತ ಹೇಳಿಬಿಡ್ರಿ.”

“ಅವಗೇನ ತಿಳೀತೈತ್ರಿ?” ಅಂದೆ.

“‘ನನಗ ಹೇಳಾಕ ಧೈರ್ಯ ಇಲ್ಲ’ ಅನ್ರಿ. ‘ಅವಗ ತಿಳಿಯೂದಿಲ್ಲ’ ಅನ್ನಬ್ಯಾಡ್ರಿ.”

ನನಗೆ ಸಿಟ್ಟು ಬಂತು. ಅವರು ಅದನ್ನು ಲೆಕ್ಕಿಸದೆ ಶಿವುವನ್ನೂ ಕರೆದು ಕೂರಿಸಿ, ನಮ್ಮ ಮೂವರ ನಡುವೆ ಒಣ ಮೆಣಸಿನಕಾಯಿ ಸುರಿದರು. ತೊಟ್ಟು ಬಿಡಿಸುವುದು ಅಲ್ಲಿಯವರ ದಿನದ ಕೆಲಸ. ಕೈಯಲ್ಲಿ ಕೆಲಸವಿದ್ದರೆ ಕಷ್ಟದ ಮಾತು ಕೇಳಲು ಆಗುತ್ತದಂತೆ.

ತೊಟ್ಟು ಬಿಡಿಸುತ್ತಲೇ ಹೇಳಿದೆ. “ಶಿವೂ, ಅವ್ವ ಸತ್ತಾಳೋ.”

ಅವನ ಕೈ ನಿಲ್ಲಲಿಲ್ಲ. ನಾಲ್ಕು ಕಾಯಿ ಆದ ಮೇಲೆ ಕೇಳಿದ, “ಅಗಡ್ಯಾಗ ಇಲ್ಲಾ?”

“ಇಲ್ಲಪಾ. ನಾ ಸುಳ್ಳ ಹೇಳಿದ್ದೆ.”

“ಇನ್ನ ಬರೂದಿಲ್ಲ?”

“ಬರೂದಿಲ್ಲ.”

ತಡೆಯಲಾಗದೆ ಕಣ್ಣೊರೆಸಿಕೊಳ್ಳಲು ಕೈ ಎತ್ತಿದೆ. ಶಿವು ಗಪ್ಪನೆ ನನ್ನ ಮಣಿಕಟ್ಟು ಹಿಡಿದ. ಅವನ ಕಣ್ಣೂ ತುಂಬಿತ್ತು. “ಅಕ್ಕಾ, ಖಾರದ ಕೈ! ಮೊದಲ ತೊಳ್ಕೋ, ಆಮ್ಯಾಲ ಅಳು.”

ಅದು ರೇಣುಕಕ್ಕ ಕಲಿಸಿದ ಪಾಠವಂತೆ. ಅಂಥವರ ಮುಂದೆ ಸಿಟ್ಟು ಎಷ್ಟು ಹೊತ್ತು ನಿಲ್ಲುತ್ತದೆ? ಅಕ್ಕ ತಮ್ಮ ಇಬ್ಬರೂ ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆದೆವು. ಆಮೇಲೆ ಅತ್ತೆವು.

ನಾನು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ಮೆಣಸಿನಕಾಯಿ ಮುಟ್ಟಿದ ಮೇಲೆ ಅಳುವ ಕ್ರಮ ಕಲಿತದ್ದು ಮಾತ್ರ ಇವತ್ತು.